ಗೋಡೆ ಇಳಿದವರು

ಟಿಳಕವಾಡಿ, ಬೆಳಗಾವಿ
ಮಂಗಳವಾರ, ೧೧ ನವೆಂಬರ್ ೨೦೨೫

ಫೌಂಡ್ರಿ ಇಲೆವೆನ್ ಫುಟ್‌ಬಾಲ್ ಕ್ಲಬ್ಬಿನ ಹೊಸ ಮ್ಯಾನೇಜರ್ ಕುಮಾರಿ ಅನುರಾಧಾ ಅವರಿಗೆ, ಅಂದರೆ, ಅನೂ, ನಿನಗೆ,

ಈ ಸಂಬೋಧನೆಯ ಮೊದಲರ್ಧವನ್ನು ಕ್ಲಬ್ಬಿನ ಕಾರ್ಯದರ್ಶಿ ಬರೆದಳು, ಉಳಿದರ್ಧವನ್ನು ನಾನು ಬರೆದೆ. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತಿರುವುದರಿಂದ ಸ್ವಲ್ಪ ಇಕ್ಕಟ್ಟಾಗಿದೆ. ದಯವಿಟ್ಟು ಹರಿದು ಹಾಕಬೇಡ. ಹರಿಯಲೇಬೇಕು ಅನ್ನಿಸಿದರೆ ಪೂರ್ತಿ ಓದಿ ಹರಿ. ಪತ್ರ ತಂದ ರೋಹನ ನಿನ್ನ ಸಾಲೆಯ ಗೇಟಿನ ಹತ್ತಿರವೇ ನಿಂತಿರುತ್ತಾನೆ. ಚೂರುಗಳನ್ನು ಆರಿಸಿಕೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ.

ಈ ಕಾಲದಲ್ಲಿ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ಕೇಳುವ ಹಕ್ಕು ನಿನಗಿಲ್ಲ. ಎರಡು ವರ್ಷದ ಹಿಂದೆ ಒಂದು ರವಿವಾರ ಸಂಜೆ ನನ್ನ ಫೋನಿನಲ್ಲಿ ನಿನ್ನ ನಗುಮುಖ ಮಾಯವಾಗಿ, ಅದರ ಜಾಗದಲ್ಲಿ ಬೂದು ಬಣ್ಣದ ಒಂದು ಬೊಂಬೆ ಬಂದು ಕೂತಿತು. ಆಮೇಲೆ ನಾನು ಕಳಿಸಿದ ಎರಡು ದೀಪಾವಳಿ, ಎರಡು ಯುಗಾದಿ, ನಾಲ್ಕು ಕ್ಷಮೆ ಎಲ್ಲಕ್ಕೂ ಒಂಟಿ ಟಿಕ್ಕೇ ಗತಿ. ಕಾಲೇಜಿನಲ್ಲಿ ನನ್ನ ಹುಡುಗರ ಉತ್ತರ ಪತ್ರಿಕೆಗಳಿಗೆ ನಾನು ಇಷ್ಟು ಜಿಪುಣತನದಿಂದ ಟಿಕ್ಕು ಹಾಕಿದ್ದರೆ ಕನ್ನಡದಲ್ಲಿ ಒಬ್ಬನೂ ಪಾಸಾಗುತ್ತಿರಲಿಲ್ಲ. ಅದೂ ಅಲ್ಲದೆ ಮ್ಯಾನೇಜರ್ ನೇಮಕದ ಪತ್ರವನ್ನು ಕಾರ್ಯದರ್ಶಿ ಸ್ವಹಸ್ತದಿಂದಲೇ ಬರೆಯಬೇಕೆಂದು ನಮ್ಮ ಕ್ಲಬ್ಬಿನ ನಿಯಮವಿದೆ. ನಿಯಮ ಮಾಡಿದ ಪುಣ್ಯಾತ್ಮರ ಕಾಲಿಗೆ ಬೀಳಬೇಕು. ಅವರು ಇಲ್ಲದಿದ್ದರೆ ನಿನಗೆ ಬರೆಯಲು ನನಗೆ ಬೇರೆ ನೆಪ ಸಿಗುತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ರವಿವಾರ ಸಂಜೆ ನಮ್ಮ ಗೋಡೆ ನಿನ್ನನ್ನು ಮ್ಯಾನೇಜರ್ ಆಗಿ ಆರಿಸಿತು. ಎಣಿಕೆ ನಡೆಸುವ ಬಾಳಪ್ಪ ನಿನ್ನ ಹೆಸರು ಕೂಗಿದ್ದೇ ತಡ, ಗೋಡೆಯ ಮೇಲಿದ್ದವರೆಲ್ಲ ಹೋ ಎಂದು ಕಿರುಚುತ್ತ ಒಮ್ಮೆಲೇ ಕೆಳಗೆ ಹಾರಿದರು. ಒಬ್ಬರೂ ಮೇಲುಳಿಯಲಿಲ್ಲ. ಧೂಳೆದ್ದು ಎರಡು ನಿಮಿಷ ಯಾರ ಮುಖವೂ ಯಾರಿಗೂ ಕಾಣಲಿಲ್ಲ. ಕ್ಲಬ್ಬಿನ ಇತಿಹಾಸದಲ್ಲಿ ಯಾವ ಹೆಸರಿಗೂ ಇಂಥ ಕೂಗು ಎದ್ದದ್ದಿಲ್ಲ.

ಮೇಲಿನ ಪ್ಯಾರಾದಲ್ಲಿ ಒಂದೇ ಒಂದು ಸುಳ್ಳಿಲ್ಲ. ಆದರೆ ನೀನು ನನ್ನನ್ನು ಬಲ್ಲೆ. ಸುಳ್ಳು ಹೇಳದೆಯೇ ಸತ್ಯದ ಪಕ್ಕದಿಂದ ಚೆಂಡು ದಾಟಿಸಿಕೊಂಡು ಹೋಗುವುದು ನನಗೆ ಬರುತ್ತದೆ. ಆದ್ದರಿಂದ ಇನ್ನು ಮೊದಲಿನಿಂದ ಹೇಳುತ್ತೇನೆ.

ಆಯ್ಕೆಯ ವಿಧಾನವನ್ನು ನೇಮಕದ ಪತ್ರದಲ್ಲಿ ಕಾಣಿಸಬೇಕೆಂಬ ನಿಯಮವೂ ಇರುವುದರಿಂದ, ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತಿದ್ದೇನೆ, ಸಹಿಸಿಕೋ. ಉದ್ಯಮಬಾಗದ ಎರಕದ ಕೆಲಸಗಾರರು ಕಟ್ಟಿದ ಈ ಕ್ಲಬ್ಬಿಗೆ ಮಾಲಕರಿಲ್ಲ. ಮೈದಾನದ ಪಡುವಣ ಗೋಡೆಯ ಮೇಲೆ ಕೂತು ಆಟ ನೋಡುವವರೇ ಇದರ ಮಾಲಕರು, ಮ್ಯಾನೇಜರನ್ನು ಆರಿಸುವವರೂ ಅವರೇ. ಹೆಸರು ಕೂಗಿದಾಗ ಒಪ್ಪಿದವರು ಗೋಡೆಯಿಂದ ಮೈದಾನಕ್ಕೆ ಇಳಿಯಬೇಕು. ಇಳಿದವರು ಮತ್ತೆ ಏರುವಂತಿಲ್ಲ. ಕಾಲು ಕೈಕೊಟ್ಟವರು ಗೋಡೆಯ ಬುಡದಲ್ಲಿ ಕುರ್ಚಿ ಹಾಕಿಕೊಂಡು, ತಮಗೆ ಬೇಕಾದ ಹೆಸರು ಬಂದಾಗ ಕಾಲಿನ ಒಂದು ಚಪ್ಪಲಿಯನ್ನು ಮೈದಾನದೊಳಗೆ ಒಗೆಯಬಹುದು. ಎತ್ತಿದ ಕೈಯನ್ನು ಯಾರು ಬೇಕಾದರೂ ಇಳಿಸಿಕೊಂಡಾರು, ಆದರೆ ಐದಡಿಯಿಂದ ಹಾರಿದವನು ಮಾತು ಬದಲಿಸುವ ಮುಂಚೆ ತನ್ನ ಸೊಂಟವನ್ನು ಒಂದು ಮಾತು ಕೇಳುತ್ತಾನೆ ಎಂಬುದು ಹಿರಿಯರ ತರ್ಕವಾಗಿತ್ತು.

ಇನ್ನು ಹುದ್ದೆ ಖಾಲಿಯಾದ ಕಥೆ. ಇಪ್ಪತ್ನಾಲ್ಕು ವರ್ಷ ಮ್ಯಾನೇಜರ್ ಆಗಿದ್ದ ನಮ್ಮ ಲಕ್ಷ್ಮಪ್ಪ ಕಾಕಾ ಎರಡೂ ಕಣ್ಣಿಗೆ ಪೊರೆ ಬಂದದ್ದನ್ನು ಮನೆಯವರಿಂದಲೂ ಮುಚ್ಚಿಟ್ಟಿದ್ದರು. ದೀಪಾವಳಿಯ ಹಿಂದಿನ ರವಿವಾರ ಪಂದ್ಯವಿತ್ತು. ಕಾಕಾ ಗೆರೆಯ ಹೊರಗೆ ನಿಂತು ಒಬ್ಬ ಹುಡುಗನನ್ನೇ ಹಿಡಿದುಕೊಂಡರು. "ಬಾಜೂಕ ಸರಿಯೋ. ಒಳಗ ನುಗ್ಗು. ಹಾಂ, ಈಗ ಹೊಡಿ!" ಹುಡುಗ ಬಾಜೂಕ ಸರಿದ, ಒಳಗ ನುಗ್ಗಿದ, ಹೊಡೆದ, ಗೋಲಾಯಿತು. ಕಾಕಾ ಟವೆಲ್ ಬೀಸಿ ಕುಣಿದರು. ಗೋಡೆ ಮಾತ್ರ ಸುಮ್ಮನಿತ್ತು, ಯಾಕೆಂದರೆ ಹುಡುಗ ಎದುರಿನ ತಂಡದವನು. ಯಾರೋ ಕಿವಿಯಲ್ಲಿ ಹೇಳಿದ ಮೇಲೆ ಕಾಕಾ, "ಇಪ್ಪತ್ನಾಕ ವರ್ಷದಾಗ ನನ್ನ ಮಾತ ಕೇಳಿದ ಪೈಲಾ ಆಟಗಾರ ಅಂವಾ. ಅಂವಗ ಕೇಡ ಬಯಸಬ್ಯಾಡ್ರಿ," ಎಂದು ಕೊರಳಿನ ಸೀಟಿ ತೆಗೆದು ಬಾಳಪ್ಪನ ಕೈಯಲ್ಲಿಟ್ಟರು.

ಆಮೇಲಿನ ಮೂರು ವಾರ ಟಿಳಕವಾಡಿಯಲ್ಲಿ ಬೇರೆ ಮಾತಿಲ್ಲ. ಕ್ಷೌರದ ಅಂಗಡಿಯಲ್ಲಿ ವಾದ ಬಿಸಿಯಾಗಿ ಅರ್ಧ ಗಡ್ಡದಲ್ಲೇ ಎದ್ದು ಹೋದವರುಂಟು. ನಮ್ಮ ಗೋಡೆಯ ಮೇಲೆ ಜಗಳ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಂದುವರಿದು ಮತ್ತೆ ಕನ್ನಡಕ್ಕೆ ಬಂದು ಮುಗಿಯುತ್ತದೆ. ಅನುವಾದಕರು ಬೇಕಾಗಿಲ್ಲ, ಬೈಗುಳ ಎರಡಕ್ಕೂ ಸಮಾನ ಆಸ್ತಿ. ತಂಡದ ಸ್ಥಿತಿಯಂತೂ ನಿನಗೆ ಗೊತ್ತೇ ಇದೆ: ಗೋಲು ಕಡಿಮೆ, ಗೋಳು ಹೆಚ್ಚು. ಬರುವ ರವಿವಾರದ ಪಂದ್ಯವನ್ನೂ ಸೋತರೆ ನಾವು ಬಿ ವಿಭಾಗಕ್ಕೆ ಇಳಿಯುತ್ತೇವೆ. ಅಲ್ಲಿಂದ ಏರಿದವರನ್ನು ನಾನಂತೂ ನೋಡಿಲ್ಲ.

ಮೊದಲ ಅಭ್ಯರ್ಥಿ ನನ್ನ ಖಾಸಾ ತಮ್ಮ ಆಕಾಶ. ಅವನ ಅರ್ಹತೆ ಎಂದರೆ ಹಿಂದೆ ನಾಲ್ಕು ವರ್ಷ ಮುಂಚೂಣಿಯಲ್ಲಿ ಆಡಿದ್ದು ಮತ್ತು ಈಗ ಟಿವಿಯಲ್ಲಿ ಜಗತ್ತಿನ ಎಲ್ಲ ಲೀಗುಗಳನ್ನೂ ನೋಡುವುದು. ಕೋಚ್ ಆಗಬೇಕೆಂದು ಹೊರಟ ಹುಡುಗ ಕೊಚ್ಚಿಕೊಳ್ಳುವುದರಲ್ಲಿ ಆಗಲೇ ಸಿದ್ಧಹಸ್ತ. ಗೋಡೆಯ ಮುಂದೆ ನಿಂತು ಅವನು ತನ್ನ ಯೋಜನೆ ವಿವರಿಸಿದ. ಹೈ ಪ್ರೆಸ್ ಅಂತೆ. ಇಡೀ ತಂಡ ಮೇಲೇರಿ ಎದುರಿನವರನ್ನು ಅವರ ಮನೆಯಲ್ಲೇ ಒತ್ತಬೇಕಂತೆ. ಬಾಳಪ್ಪ ತಲೆ ಕೆರೆದುಕೊಂಡ. "ನಮ್ಮ ಹಿಂದಿನವ್ರಿಗೆ ಮೊದಲ ಹೈ ಪ್ರೆಶರ್ ಐತಿ ತಮ್ಮಾ. ಮ್ಯಾಲ ಮತ್ತ ಹೈ ಪ್ರೆಸ್ ಯಾಕ?"

ಎರಡನೆಯವರು ಈರಯ್ಯ ಮಾಸ್ತರರು, ನಿವೃತ್ತ ಡ್ರಿಲ್ ಶಿಕ್ಷಕರು. ಅವರದು ಒಂದೇ ಕಾರ್ಯಕ್ರಮ: ನಸುಕಿನಲ್ಲಿ ಮೈದಾನಕ್ಕೆ ನಲವತ್ತು ಸುತ್ತು, ಆಮೇಲೆ ತಣ್ಣೀರು. ಚೆಂಡಿನ ಮಾತನ್ನೇ ಅವರು ಎತ್ತಲಿಲ್ಲ. ಮಾಸ್ತರರ ಕೈಯಲ್ಲಿ ತಂಡ ಗೆಲ್ಲುತ್ತದೋ ಇಲ್ಲವೋ, ಸುತ್ತುವುದಂತೂ ಖಾತ್ರಿ.

ಮೂರನೆಯ ಹೆಸರು ಯಾವುದಾದರೂ ಇದೆಯೇ ಎಂದು ಬಾಳಪ್ಪ ಕೇಳಿದ. ನಾನು ಹೇಳಿದೆ. ಕೊನೆಯ ಬೆಂಚಿನಲ್ಲಿ ಮಲಗಿದವನನ್ನು ಎಬ್ಬಿಸುವ ನನ್ನ ಧ್ವನಿ ಅಂದು ನನ್ನ ಮೂಗಿನ ತುದಿಯವರೆಗೆ ಬಂದು ನಿಂತಿತು. ಬಾಳಪ್ಪ, "ಏನಂದ್ರಿ ಬಾಯಾರ?" ಎಂದು ಎರಡು ಸಲ ಕೇಳಿದ. ಮೂರನೆಯ ಸಲ ನಿನ್ನ ಹೆಸರು ಎಲ್ಲರಿಗೂ ಕೇಳಿಸಿತು, ಮತ್ತು ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಯಾಕೆಂದು ನಿನಗೆ ನಾನು ಹೇಳಬೇಕೆ? ಎರಡು ವರ್ಷದ ಹಿಂದೆ ನೀನು ಸಹಾಯಕ ಮ್ಯಾನೇಜರ್ ಆಗಲು ಅದೇ ಗೋಡೆಯ ಮುಂದೆ ನಿಂತೆ. ಇಪ್ಪತ್ತು ಜನ ಇಳಿದರು, ಇಪ್ಪತ್ತೊಂದು ಜನ ಮೇಲೆ ಕೂತರು. ಇಪ್ಪತ್ತೊಂದನೆಯವಳು ನಾನು. ನೀನು ಕತ್ತೆತ್ತಿ ನೋಡಿ, "ನೀನೂ ಇಳೀಲಿಲ್ಲಲ್ಲ ಸಮ್ಮೂ," ಅಂದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನೀನು ಬರೀ ಎಣಿಕೆ ಹೇಳುವ ಹಾಗೆ ಹೇಳಿ ಹೋದೆ. ಮುಂದಿನ ತಿಂಗಳು ನಿನಗೆ ಖಾನಾಪುರದ ಸಾಲೆಗೆ ವರ್ಗವಾಯಿತು. ವರ್ಗ ಕೇಳಿ ಪಡೆದದ್ದೆಂದು ಆಮೇಲೆ ತಿಳಿಯಿತು.

ಮೊನ್ನೆ ಮೊದಲು ಬಾಯಿ ತೆಗೆದವರು ಈರಯ್ಯ ಮಾಸ್ತರರು. "ಹೆಣ್ಣಮಗಳು ಛಲೋ ಅದಾಳ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಹುಡುಗೂರ ಡ್ರೆಸ್ಸಿಂಗ್ ರೂಮಿಗೆ ಹ್ಯಾಂಗ ಹೋಗಬೇಕ್ರಿ ಆಕಿ? ಶಿಸ್ತು ಅನ್ನೂದು ಒಂದ ಇರತೈತಿಲ್ಲ?" ಅವರ ಮಾತಿಗೆ ನಾಲ್ಕಾರು ತಲೆಗಳು ಅಲ್ಲಾಡತೊಡಗಿದ್ದವು. ಅಷ್ಟರಲ್ಲಿ ಗೋಡೆಯ ಬುಡದ ಕುರ್ಚಿಯಿಂದ ನಮ್ಮ ಅಜ್ಜಿ ಕಾಶವ್ವ ಮಾತಾಡಿದಳು. ಪ್ರತಿ ರವಿವಾರ ನಮ್ಮ ಮನೆಯಿಂದ ಆಟೋದಲ್ಲಿ ಬಂದು, ಎಲೆಯಡಿಕೆ ಮೆಲ್ಲುತ್ತ ರೆಫ್ರಿಯ ವಂಶ ವಿಚಾರಿಸುವ ಅಜ್ಜಿಯನ್ನು ನೀನು ಮರೆತಿರಲಾರೆ.

"ಯಾವ ರೂಮೋ ಮಾಸ್ತರಾ? ನಲವತ್ತ ವರ್ಷದಿಂದ ಆ ಬೇವಿನ ಗಿಡದ ಹಿಂದ ನಿಂತ ಚಡ್ಡಿ ಬದಲಸ್ತೀರಿ. ಟಿಳಕವಾಡಿ ಹೆಣ್ಣಮಕ್ಕಳು ನೋಡಿ ನೋಡಿ ಬ್ಯಾಸರಾಗಿ ಈ ಹಾದಿ ಹಿಡಿಯೂದ ಬಿಟ್ಟಾರ."

ಮಾಸ್ತರರು ಕೂತರು. ಬಾಳಪ್ಪ ಸೀಟಿ ಊದಿದ. ಎಣಿಕೆ ಶುರುವಾಯಿತು.

ಮೈದಾನದ ಆ ತುದಿಯಲ್ಲಿ ನಮ್ಮ ಹುಡುಗರು ತಮ್ಮ ತಮ್ಮಲ್ಲೇ ಎರಡು ಪಾಲಾಗಿ ಆಡುತ್ತಿದ್ದರು. ಗೋಡೆಯ ಮೇಲೆ ಮತ್ತು ಕುರ್ಚಿಗಳಲ್ಲಿ ಒಟ್ಟು ನಲವತ್ತೈದು ಮಂದಿ. ಬಾಳಪ್ಪ ಆಕಾಶನ ಹೆಸರು ಕೂಗಿದ. ಹದಿನಾರು ಜನ ಇಳಿದರು. ಅಜ್ಜಿಯ ಎಡಗಾಲ ಚಪ್ಪಲಿ ಹಾರಿಬಂದು ಆಕಾಶನ ಕಿವಿಯ ಪಕ್ಕದಿಂದ ಸಾಗಿ ಮೈದಾನದಲ್ಲಿ ಬಿತ್ತು. ಹದಿನೇಳು ಎಂದು ಬರೆದುಕೊಂಡೆ. ಈರಯ್ಯ ಮಾಸ್ತರರಿಗೆ ಒಂಬತ್ತು. ಎಲ್ಲ ಅವರ ಹಳೆಯ ವಿದ್ಯಾರ್ಥಿಗಳು, ಇನ್ನೂ ಹೆದರಿಕೆ ಹೋಗಿಲ್ಲ. ಉಳಿದವರು ಹತ್ತೊಂಬತ್ತು. ಆ ಹತ್ತೊಂಬತ್ತರಲ್ಲಿ ಅರ್ಧದಷ್ಟು ಮಂದಿ ಯಾವ ಹೆಸರಿಗೂ ಇಳಿಯದ, ಚುರಮುರಿ ಮುಗಿದರೆ ಮಾತ್ರ ಇಳಿಯುವ ಜಾತಿ.

ಬಾಳಪ್ಪ ನಿನ್ನ ಹೆಸರು ಕೂಗಿದ.

ನಾನು ಹಾರಿದೆ. ಅನೂ, ಇದನ್ನು ನಿಧಾನವಾಗಿ ಓದು. ಎರಡು ವರ್ಷ ನಿನಗೂ ನನಗೂ ಊರಿಗೂ ಹಾರಿಕೆಯ ಉತ್ತರ ಕೊಟ್ಟುಕೊಂಡು ಬಂದವಳು ಕೊನೆಗೂ ಹಾರಿದೆ. ಎಲ್ಲರಿಗಿಂತ ಮೊದಲು, ಒಬ್ಬಳೇ. ನನ್ನ ಕಾಲು ನೆಲಕ್ಕೆ ತಾಕಿದ ಆ ಕ್ಷಣದಲ್ಲೇ ಮೈದಾನದ ನಡುಗೆರೆಯಿಂದ ನಮ್ಮ ಹಿಂದಿನ ಸಾಲಿನ ಬ್ಯಾಕ್ ರೋಹನ ಚೆಂಡನ್ನು ಒದ್ದ. ನೆಲಕ್ಕಿಂತ ಒಂದಾಳೆತ್ತರದಲ್ಲಿ ನೆಟ್ಟಗೆ ಹೋದ ಚೆಂಡು, ಗೋಲು ಕಾಯುವ ಗೋಲಿ ತಿರುಗಿ ನೋಡುವುದರೊಳಗೆ ಬಲೆಯಲ್ಲಿತ್ತು. ಗೋಡೆಯ ಮೇಲಿದ್ದ ಹದಿನೆಂಟೂ ಮಂದಿ ಹೋ ಎಂದು ಎದ್ದು, ಚುರಮುರಿ ಚೆಲ್ಲಿ, ಅಭ್ಯಾಸಬಲದಿಂದ ಕೆಳಗೆ ಹಾರಿದರು. ಇದೇ ನಾನು ಮೊದಲು ಬರೆದ ಆ ಐತಿಹಾಸಿಕ ಕೂಗು. ಎಲ್ಲರ ಕಣ್ಣೂ ಚೆಂಡಿನ ಮೇಲಿತ್ತು. ನನ್ನ ಹಾರಾಟಕ್ಕೆ ಒಬ್ಬ ಸಾಕ್ಷಿಯೂ ಇಲ್ಲ.

ಧೂಳು ಇಳಿದ ಮೇಲೆ ಬಾಳಪ್ಪ ಎಣಿಸಿ, ಅನುರಾಧಾಗೆ ಹತ್ತೊಂಬತ್ತು, ಆರಿಸಿ ಬಂದಳು ಅಂದ.

"ಫೌಲ್ ಐತಿ ಇದು!" ಎಂದು ನನ್ನ ತಮ್ಮ ನಡುವೆ ನುಗ್ಗಿದ. "ಅವ್ರು ಗೋಲಿಗೆ ಇಳದಾರ, ಅನು ಅಕ್ಕನ ಹೆಸರಿಗಲ್ಲ!"

"ಕಾಲ ನೆಲಕ್ಕ ಹತ್ಯಾವೋ ಇಲ್ಲೋ? ಹತ್ಯಾವು. ಮುಗೀತು," ಅಂದರು ಈ ಕಡೆಯವರು.

"ಹಂಗಾರ ಬೆಕ್ಕ ಹಾರಿದ್ರೂ ವೋಟ ಅಂತೀರೇನು?"

"ಬೆಕ್ಕು ಮೆಂಬರ ಆಗಿದ್ರ ಅನ್ನತಿದ್ವಿ!"

ಇದು ಕಾಲು ತಾಸು ನಡೆಯಿತು. ನಿಯಮದ ಪುಸ್ತಕ ತರಿಸಿದರು. ಗೋಲು ಬಿದ್ದ ಕ್ಷಣದಲ್ಲಿ ಹೆಸರು ಕೂಗಿದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿಲ್ಲ. ನಮ್ಮ ತಂಡ ಗೋಲು ಹೊಡೆಯುವ ಸಂಭವವನ್ನು ಹಿರಿಯರು ಊಹಿಸಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಎಲ್ಲರೂ ಲಕ್ಷ್ಮಪ್ಪ ಕಾಕಾನ ಕಡೆ ತಿರುಗಿದರು. ಕಾಕಾ ಕಪ್ಪು ಕನ್ನಡಕದ ಹಿಂದಿನಿಂದ ಸುಮಾರಾಗಿ ನಮ್ಮ ದಿಕ್ಕಿಗೆ ನೋಡುತ್ತ ಹೇಳಿದರು:

"ಗೋಲಿಗೆ ಇಳದವ್ರು ಮತ್ತ ಮ್ಯಾಲ ಏರ್ರಿ. ಇಳದವ್ರು ಏರಬಾರದು ಅಂತ ನಿಯಮ ಐತಿ, ಖರೇ. ಇದೊಂದ ಸಲ ನಾ ಮುರೀತೇನಿ. ಆ ಹುಡುಗಿ ಹೋದ ಸಲ ಒಂದ ವೋಟಿಗೆ ಸೋತು, ಬಾಯಿ ಮುಚಕೊಂಡ ಹೋತು. ಈ ಸಲ ಮೋಸದಾಗ ಗೆದ್ದಳು ಅನಿಸಬ್ಯಾಡ್ರಿ."

ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ, ಇಬ್ಬರು, ಕೊನೆಗೆ ಎಂಟು ಜನ ಏರತೊಡಗಿದರು. ಐವತ್ತು ದಾಟಿದವರು ಐದಡಿ ಗೋಡೆ ಏರುವ ದೃಶ್ಯವನ್ನು ವರ್ಣಿಸುವುದು ಕಾರ್ಯದರ್ಶಿಯ ಗೌರವಕ್ಕೆ ತಕ್ಕದ್ದಲ್ಲ; ಒಬ್ಬರ ಪ್ಯಾಂಟು ದರ್ರ್ ಅಂದದ್ದನ್ನು ಮಾತ್ರ ದಾಖಲಿಸುತ್ತೇನೆ. ಕೆಳಗೆ ನಿನ್ನ ಪಾಲಿಗೆ ಹನ್ನೊಂದು ಮಂದಿ ಉಳಿದೆವು. ಆಕಾಶನಿಗೆ ಹದಿನೇಳು. ಪೆನ್ನು ಹಿಡಿದ ನನ್ನ ಕೈ ಆ ಹನ್ನೊಂದನ್ನು ಬರೆಯಲು ಒಪ್ಪಲಿಲ್ಲ. ಒಂದರ ಪಕ್ಕ ಇನ್ನೊಂದು ಒಂದು, ಅಷ್ಟೇ, ಆದರೂ ಬರೆಯಲಾಗಲಿಲ್ಲ. ಮತ್ತೆ ನಾನೇ ನಿನಗೆ ಸೋಲಿನ ಸುದ್ದಿ ಬರೆಯಬೇಕಲ್ಲ ಅನ್ನಿಸಿತು.

ಆಗ ರೋಹನ ಬಂದ, ಬೆವರು ಸುರಿಸುತ್ತ, ಮುಖ ಊದಿಸಿಕೊಂಡು. "ಕಾಕಾ, ಮೂರ ವರ್ಷದಾಗ ನನ್ನ ಪೈಲಾ ಗೋಲ್ರೀ ಅದು. ಒಬ್ಬರೂ ಬಂದ ಅಪ್ಪಿಕೊಳ್ಳವಲ್ರಿ. ಏನ ಜಗಳಾ ಹಚ್ಚೀರಿ ಇಲ್ಲೆ?"

"ನೀನೇನೋ ಹೊಡದಾಂವಾ?" ಕಾಕಾನಿಗೆ ನಂಬಿಕೆಯಾಗಲಿಲ್ಲ. "ನಿನ್ನ ಹೊಡ್ತ ಯಾವಾಗಲೂ ಬಾಜೂ ಮನಿ ಮಾಳಗಿ ಮ್ಯಾಲ ಹೋಗಿ ಬೀಳತಿತ್ತಲ್ಲೋ? ಹಪ್ಪಳಾ ಒಣಗ ಹಾಕೂದ ಬಿಟ್ಟಾರ ಆ ಮನಿಯವ್ರು."

"ಈಗ ಬೀಳಂಗಿಲ್ರೀ. ಅನು ಅಕ್ಕಾರು ತಿದ್ದ್ಯಾರ. ಹೊಡಿಯೂ ಮುಂದ ಚೆಂಡ ನೋಡು, ಗೋಲ್ ನೋಡಬ್ಯಾಡ, ಅದೇನ ಎದ್ದ ಓಡಿ ಹೋಗಂಗಿಲ್ಲ ಅಂದ್ರು." ಇಷ್ಟು ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ಹೊಳೆಯಿತು. ಕಾಕಾ ಒತ್ತಿ ಕೇಳಿದ ಮೇಲೆ ಉಳಿದದ್ದೂ ಬಂತು. ಜೂನ್ ತಿಂಗಳಿನಿಂದ ಪ್ರತಿ ಶನಿವಾರ ಮಧ್ಯಾಹ್ನ ತಂಡದ ಐದು ಜನ ಬಸ್ಸು ಹತ್ತಿ ಖಾನಾಪುರಕ್ಕೆ ಹೋಗುತ್ತಾರೆ. ನಿನ್ನ ಸಾಲೆಯ ಬಯಲಿನಲ್ಲಿ ನೀನು ಅವರನ್ನು ತಿದ್ದುತ್ತೀ. ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿದ್ದಾರೆ. ಯಾರಿಗೂ ಹೇಳಕೂಡದೆಂದು ನೀನು ಚೆಂಡಿನ ಮೇಲೆ ಆಣೆ ಹಾಕಿಸಿಕೊಂಡಿದ್ದೀ. ಗೋಡೆ ಬಾಯಿ ತೆರೆಯಿತು. ನಾನೂ ತೆರೆದೆ. ಅನೂ, ನಮ್ಮ ಮೇಲೆ ಮುನಿಸಿಕೊಂಡು ಹೋದವಳು ಹೋದಲ್ಲಿ ನಮ್ಮ ಬ್ಯಾಕನ್ನು ರಿಪೇರಿ ಮಾಡುತ್ತ ಕೂತಿದ್ದೀಯಲ್ಲ, ಇದೆಂಥ ಮುನಿಸು? ನಮ್ಮ ಕಡೆ ಇಂಥ ಮುನಿಸು ಇನ್ನೂ ನಾಲ್ಕು ಜನಕ್ಕೆ ಬಂದರೆ ನಾವು ಲೀಗ್ ಗೆಲ್ಲುತ್ತೇವೆ.

ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದರು. "ಹಂಗಾರ ಆಗಳೆ ನೀವು ಆ ಹುಡುಗಿ ಗೋಲಿಗೇ ಇಳದೀರಿ. ಇನ್ನ ಮ್ಯಾಲ ಕುಂತ ಏನ ಹುಡುಕತೀರಿ?"

ಎಂಟರಲ್ಲಿ ಆರು ಜನ ಇಳಿದರು. ಈ ಸಲ ಕೂಗಿಲ್ಲ, ಧೂಳಿಲ್ಲ. ಒಬ್ಬೊಬ್ಬರೇ, ಗೋಡೆಗೆ ಕೈಯೂರಿ, ನೋಡಿಕೊಂಡು ಇಳಿದರು. ನನಗೆ ಆ ಮೊದಲಿನ ಕೂಗಿಗಿಂತ ಇದೇ ಹೆಚ್ಚು ಚೆಂದ ಕಂಡಿತು. ಉಳಿದಿಬ್ಬರು ಏರುವಾಗ ಪಟ್ಟ ಕಷ್ಟ ನೆನೆದು ಅಲ್ಲೇ ಕೂತರು. ಬಾಳಪ್ಪ ಮೂರು ಸಲ ಎಣಿಸಿದ. ನಿನಗೆ ಹದಿನೇಳು, ಆಕಾಶನಿಗೂ ಹದಿನೇಳು.

ಎಲ್ಲರೂ ಕಾಕಾನ ಕಡೆ ನೋಡುತ್ತಿರುವಾಗಲೇ ಸುಂಯ್ ಎಂದು ಅಜ್ಜಿಯ ಬಲಗಾಲ ಚಪ್ಪಲಿ ಬಂದು ನನ್ನ ಕಾಲ ಬಳಿ ಬಿತ್ತು.

"ಅನುಗ!" ಅಂದಳು ಅಜ್ಜಿ.

"ಅಜ್ಜೀ!" ಆಕಾಶ ಅಳುವುದೊಂದು ಬಾಕಿ. "ನಿಂದು ಆಗಳೆ ನನಗ ಬಿದ್ದೈತಿ!"

"ಅದು ವೋಟ ಅಲ್ಲೋ ಹುಚ್ಚಪ್ಯಾಲಿ. ನಿನಗ ಹೊಡಿಯಾಕ ಒಗದಿದ್ದೆ, ಗುರಿ ತಪ್ಪಿತು. ಮೂರ ವಾರ ಆತು, ನನ್ನ ಧಾರಾವಾಹಿ ಟೈಮಿನ್ಯಾಗ ಟಿವಿ ಹಿಡಕೊಂಡ ಕುಂಡ್ರತಿ. ಆ ಸೊಸಿ ಮನಿ ಬಿಟ್ಟಳೋ ಇಲ್ಲೋ ಇನ್ನೂ ಗೊತ್ತಾಗಿಲ್ಲ ನನಗ."

ಚಪ್ಪಲಿ ಒಗೆದವರ ಉದ್ದೇಶವನ್ನು ಒಗೆದವರೇ ಹೇಳಬೇಕೆಂದು ಕಾಕಾ ತೀರ್ಪು ಕೊಟ್ಟರು. ಆಕಾಶನಿಗೆ ಹದಿನಾರು, ನಿನಗೆ ಹದಿನೆಂಟು. ಇದು ಆಯ್ಕೆಯ ಅಧಿಕೃತ ವರದಿ. ಆಕಾಶ ಒಂದು ಪೊಟ್ಟಣ ಚುರಮುರಿ ಮುಗಿಯುವಷ್ಟು ಹೊತ್ತು ಮುನಿಸಿಕೊಂಡಿದ್ದು, ಆಮೇಲೆ ತಾನೇ ಬಂದು, "ಅಕ್ಕಾ, ಎದುರಿನವ್ರ ಆಟ ಫೋನಿನ್ಯಾಗ ತಕ್ಕೊಂಡ ಬಂದ ತೋರಸೂ ಕೆಲಸ ನನಗ ಕೊಡ್ತಾರೇನು ಕೇಳು," ಅಂದ. ಕೇಳಿದ್ದೇನೆ. ಕೊಟ್ಟುಬಿಡು, ಮನೆಯ ಟಿವಿ ಬಿಡುಗಡೆಯಾಗುತ್ತದೆ.

ಈಗ ನಾನು ಎರಡು ವರ್ಷ ನುಂಗಿಕೊಂಡು ಕೂತ ಮಾತು. ಅಂದು ಯಾಕೆ ಇಳಿಯಲಿಲ್ಲ? ಊರಿಗೆ ನಾನು ಹೇಳಿದ್ದು, ಮದುವೆಯೊಂದಕ್ಕೆ ಹೊರಟಿದ್ದೆ, ಇಳಕಲ್ ಸೀರೆ ಉಟ್ಟಿದ್ದೆ, ಹಾರಲಾಗಲಿಲ್ಲ ಎಂದು. ನೀನು ತಿಳಿದದ್ದು, ಹೆಣ್ಣುಮಕ್ಕಳು ತಂಡದ ಬೆಂಚಿನಲ್ಲಿ ಕೂಡಬಾರದೆಂದು ನನಗೂ ಅನ್ನಿಸಿತ್ತೆಂದು. ಎರಡೂ ಅಲ್ಲ. ಹನ್ನೊಂದು ವರ್ಷ ಪ್ರತಿ ರವಿವಾರ ಆ ಗೋಡೆಯ ಮೇಲೆ ನನ್ನ ಬಲಗಡೆ ನೀನು ಕೂತಿದ್ದೆ. ಆಟ ನೀನು ನೋಡುತ್ತಿದ್ದೆ, ನಾನು ನಿನ್ನ ಮಾತು ಕೇಳುತ್ತಿದ್ದೆ. ನನಗೆ ಫುಟ್‌ಬಾಲ್ ಅಂದರೆ ಅದೇ. ನೀನು ಗೆದ್ದರೆ ಎದ್ದು ಬೆಂಚಿಗೆ ಹೋಗಿಬಿಡುತ್ತೀ, ಆಮೇಲೆ ನಾನು ಯಾರ ಪಕ್ಕ ಕೂಡಲಿ ಅನ್ನಿಸಿತು. ಅಷ್ಟೇ. ಬಾಳಪ್ಪ ಎಣಿಸಿ ಮುಗಿಸುವವರೆಗೂ ಈಗ ಇಳಿಯುತ್ತೇನೆ, ಈಗ ಇಳಿಯುತ್ತೇನೆ ಎಂದುಕೊಳ್ಳುತ್ತಲೇ ಕೂತಿದ್ದೆ. ನಿನ್ನನ್ನು ಪಕ್ಕದಲ್ಲಿ ಇಟ್ಟುಕೊಳ್ಳಲು ಹೋಗಿ ಪೂರ್ತಿ ಕಳೆದುಕೊಂಡೆ. ಇಷ್ಟು ದಡ್ಡ ಡಿಫೆನ್ಸು ನಮ್ಮ ಬ್ಯಾಕುಗಳೂ ಆಡಿಲ್ಲ.

ಆದ್ದರಿಂದ ನಿನ್ನಿಂದ ನನಗೆ ಎರಡು ಉತ್ತರ ಬೇಕು. ಒಂದು ಕ್ಲಬ್ಬಿಗೆ, ಒಂದು ನನಗೆ. ಎರಡೂ ಒಂದೇ ಆಗಿರಬೇಕೆಂದಿಲ್ಲ. ಕ್ಲಬ್ಬಿಗೆ ಹೌದು ಅಂದು ನನಗೆ ಇಲ್ಲ ಅಂದರೂ ನಡೆಯುತ್ತದೆ. ನೀನು ಗೆರೆಯ ಹತ್ತಿರ ನಿಂತು ಕೂಗುತ್ತಿರು, ನಾನು ಮೇಲೆ ಕೂತು ಕೇಳಿಸಿಕೊಳ್ಳುತ್ತೇನೆ. ಆದರೆ ನನ್ನ ಮೇಲಿನ ಸಿಟ್ಟಿಗೆ ಕ್ಲಬ್ಬಿಗೆ ಇಲ್ಲ ಅನ್ನಬೇಡ. ಒಂದೇ ಸಂಜೆ ಎರಡು ಸಲ ಗೋಡೆ ಇಳಿದವರ ಸೊಂಟದ ಗತಿ ನೋಡು.

ಷರತ್ತುಗಳು ಇಂತಿವೆ. ಖಾನಾಪುರದಿಂದ ಬಂದು ಹೋಗುವುದು ನಿನ್ನದೇ ಜವಾಬ್ದಾರಿ, ಆದರೆ ರವಿವಾರ ಬಸ್‌ಸ್ಟ್ಯಾಂಡಿನಿಂದ ಮೈದಾನಕ್ಕೆ ಕರೆದೊಯ್ಯಲು ಕಾರ್ಯದರ್ಶಿ ಸ್ಕೂಟರ್ ತರುತ್ತಾಳೆ. ಪಗಾರ ಇಲ್ಲ, ಬೈಗುಳ ಉಂಟು. ಗೆದ್ದರೆ ಆಟಗಾರರು ಗೆದ್ದಂತೆ, ಸೋತರೆ ನೀನು ಸೋತಂತೆ. ಮಧ್ಯಂತರದಲ್ಲಿ ಅಜ್ಜಿ ಕೊಡುವ ಸಲಹೆಗಳನ್ನು ನಿಂತು ಕೇಳಬೇಕು, ಪಾಲಿಸಬೇಕಾಗಿಲ್ಲ. ಮೊದಲ ಪಂದ್ಯ ಇದೇ ರವಿವಾರ, ಸಂಜೆ ನಾಲ್ಕಕ್ಕೆ.

ರೋಹನನ ಕೈಯಲ್ಲಿ ಒಂದು ಖಾಲಿ ಹಾಳೆಯನ್ನೂ ಕಳಿಸಿದ್ದೇನೆ. ಹೆಚ್ಚು ಬರೆಯಬೇಡ, ನಿನ್ನ ಕಾಗುಣಿತ ನಾನು ಬಲ್ಲೆ.

ಕ್ಲಬ್ಬಿನ ಪಾಲಿಗೆ ಕಾರ್ಯದರ್ಶಿ, ನಿನ್ನ ಪಾಲಿಗೆ ಏನೆಂದು ನೀನೇ ತುಂಬಿಕೊಳ್ಳಬೇಕಾದ,
ಸಮೃದ್ಧಿ

ತಾ.ಕ.: ಸಹಿ ಹಾಕುವವರೆಗೂ ಆಕಾಶ ನನ್ನ ಹೆಗಲ ಮೇಲಿಂದ ಓದುತ್ತ ನಿಂತಿದ್ದ. ಈಗ ಸ್ನಾನಕ್ಕೆ ಹೋದ. ಅವನು ಒಳಗೆ ಹಾಡು ನಿಲ್ಲಿಸುವುದರೊಳಗೆ ಹೇಳಿಬಿಡುತ್ತೇನೆ. ರೋಹನನ ಶನಿವಾರಗಳ ವಿಷಯ ನನಗೆ ಮೊದಲೇ ಗೊತ್ತಿತ್ತು. ಅಕ್ಟೋಬರ್ ಕೊನೆಯ ಶನಿವಾರ ನಿನ್ನ ಕ್ಷಮೆ ಕೇಳಲು ಖಾನಾಪುರಕ್ಕೆ ಬಂದಿದ್ದೆ. ನಿನ್ನ ಸಾಲೆಯ ಗೇಟಿನವರೆಗೆ ಬಂದು, ನಮ್ಮ ಐದೂ ಜನ ಒಳಗೆ ನಿನ್ನಿಂದ ಬೈಸಿಕೊಳ್ಳುತ್ತಿರುವುದನ್ನು ಕಂಡು, ಒಂದು ತಾಸು ಹೊರಗೇ ನಿಂತು ನಿನ್ನ ಧ್ವನಿ ಕೇಳಿ, ಒಳಗೆ ಬರುವ ಧೈರ್ಯವಾಗದೆ ಬಸ್ಸು ಹತ್ತಿದೆ. ಮರುದಿನ ರೋಹನನನ್ನು ಹಿಡಿದು ಇಷ್ಟೇ ಹೇಳಿದೆ: ಬಾಳಪ್ಪ ಅನು ಅಕ್ಕನ ಹೆಸರು ಕೂಗಿದಾಗ, ಅವಳು ಕಲಿಸಿದ ಹಾಗೆ, ಗೋಡೆಗೆಲ್ಲ ಕಾಣುವಂತೆ ಒಂದು ಹೊಡಿ, ಆಮೇಲೆ ಯಾರಾದರೂ ಕೇಳಿದರೆ ಆಣೆ ಮುರಿ, ಪಾಪ ನನಗಿರಲಿ. ಚೆಂಡು ಒಳಗೆ ಹೋಗಬೇಕೆಂದು ನಾನು ಹೇಳಿರಲಿಲ್ಲ. ಅದು ನಿಮ್ಮಿಬ್ಬರ ಕೆಲಸ. ಹೋದಾಗ ಆ ಮೈದಾನದಲ್ಲಿ ನನ್ನಷ್ಟು ಬೆಚ್ಚಿಬಿದ್ದವರು ಇನ್ನೊಬ್ಬರಿಲ್ಲ, ಗೋಲಿ ಒಬ್ಬನನ್ನು ಬಿಟ್ಟು.